ಹೊಟ್ಟೆಗಾಲಿನ ಸ್ಟೂಲು

ನೋಟಿಸು ಬಂದ ದಿನ ಗರಗಸಕ್ಕ ಅದನ್ನು ನಿಂತುಕೊಂಡೇ ಓದಿದಳು. ಓದಿ ಮುಗಿಸಿ ಮಡಚಲೂ ಇಲ್ಲ, ಹರಿಯಲೂ ಇಲ್ಲ. ಕೆಲಸದ ಮೇಜಿನ ಮೇಲೆ ಹರಡಿ, ನಡುಮಧ್ಯಕ್ಕೆ ಉಳಿ ಕುಟ್ಟಿದಳು. ಉಳಿ ಕಾಗದ ದಾಟಿ ಮರಕ್ಕೆ ಹೊಕ್ಕು ನೆಟ್ಟಗೆ ನಿಂತಿತು. ಮೂಲೆಯಲ್ಲಿ ಪಾಲಿಶ್ ತಿಕ್ಕುತ್ತಿದ್ದ ಮುದುಕ ತಲೆ ಎತ್ತಿ, "ಆ ಉಳಿಗೆ ಮೊನ್ನೆ ತಾನೇ ಸಾಣೆ ಹಿಡಿದಿದ್ದೆ ತಾಯಿ. ಸಿಟ್ಟು ಬಂದಾಗ ಹಿಡಿಯೋಕೆ ಅಂತ ಒಂದು ಮೊಂಡು ಉಳಿ ಬೇರೆ ಇಟ್ಕೋ" ಎಂದ.

ಗರಗಸಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಅವಳ ಮಾತಿಗೆ ಸಿಕ್ಕವರು ಎರಡು ಹೋಳಾಗುತ್ತಾರೆ ಎನ್ನುವುದು ಕೆಲವರ ವಿವರಣೆ. ಗೆರೆ ಎಷ್ಟೇ ಸೊಟ್ಟಗಿರಲಿ, ಅವಳ ಕೈಯ ಗರಗಸ ಅದರಿಂದ ಕೂದಲೆಳೆಯಷ್ಟೂ ಆಚೆ ಹೋಗುವುದಿಲ್ಲ ಎನ್ನುವುದು ಇನ್ನು ಕೆಲವರದು. ಅವಳಿಗೆ ಎರಡರ ಮೇಲೂ ತಕರಾರಿರಲಿಲ್ಲ. ಹೆಂಗಸೊಬ್ಬಳು ಬಡಗಿಯಾಗಿ ಅಂಗಡಿ ನಡೆಸಬೇಕಾದರೆ ಇಂಥ ಹೆಸರೊಂದು ಬಾಗಿಲ ಬಳಿ ನಾಯಿ ಕಟ್ಟಿದ ಹಾಗೆ ಒಳ್ಳೆಯದೇ.

ಆ ಅಂಗಡಿಯಲ್ಲಿ ಮುಖ್ಯವಾಗಿ ತಯಾರಾಗುತ್ತಿದ್ದದ್ದು ಒಂದೇ ಸಾಮಾನು, ಮೂರು ಕಾಲಿನ ಸ್ಟೂಲು. ಮುಂದಿನ ಎರಡು ಕಾಲು ಎಲ್ಲರ ಸ್ಟೂಲಿನ ಹಾಗೆ ನೆಟ್ಟಗೆ. ಹಿಂದಿನ ಕಾಲನ್ನು ಮಾತ್ರ ದಪ್ಪ ಹಲಗೆಯಿಂದ ಕೊಯ್ಯುತ್ತಿದ್ದರು. ಅದರ ಎಡಗಡೆ ಅಂಚು ದಾರ ಹಿಡಿದಷ್ಟು ನೇರ. ಬಲಗಡೆ ಅಂಚು ಉಂಡೆದ್ದವನ ಹೊಟ್ಟೆಯ ಹಾಗೆ ಹೊರಕ್ಕೆ ಉಬ್ಬಿ, ಪಾದದ ಹತ್ತಿರ ಮತ್ತೆ ಒಳಕ್ಕೆ ಸರಿಯುತ್ತದೆ. ಹಾಗಾಗಿ ಜನ ಅದನ್ನು ಹೊಟ್ಟೆಗಾಲಿನ ಸ್ಟೂಲು ಎಂದರು. ಗಡಿಯಾರ ರಿಪೇರಿಯವರು, ಕ್ಷೌರದಂಗಡಿಯವರು, ಟಿಕೆಟ್ ಕೌಂಟರಿನವರು, ಔಷಧಿ ಅಂಗಡಿಯವರು, ಎಲ್ಲರ ಅಡಿಯಲ್ಲೂ ಅದೇ. ಕರೆಂಟು ಹೋದಾಗ ಕತ್ತಲಲ್ಲಿ ತಡವರಿಸಿದರೂ, ಇದು ಅದೇ ಎಂದು ಕೈಗೆ ಗೊತ್ತಾಗುತ್ತಿತ್ತು.

ಮೊದಲು ಮಾಡಿದವನು ಅವಳ ಅಪ್ಪ. ಕಾಲಿಗೆ ಹೊಟ್ಟೆ ಯಾಕೆ ಎಂದು ಯಾರು ಕೇಳಿದರೂ ಅವನದು ಒಂದೇ ಉತ್ತರ: "ಬ್ಯಾಲೆನ್ಸ್‌ಗೆ." ಕೂತು ಕೆಲಸ ಮಾಡುವವರು ಸಾಮಾನಿಗೆ ಕೈ ಚಾಚುವುದು ಬಲಕ್ಕೆ, ವಾಲುವುದೂ ಬಲಕ್ಕೆ, ಆ ವಾಲಿದ ಭಾರವನ್ನು ಹೊಟ್ಟೆ ಹಿಡಿದುಕೊಳ್ಳುತ್ತದೆ ಎಂದು ಅವನು ಗಂಭೀರವಾಗಿ ವಿವರಿಸುತ್ತಿದ್ದ. ಗರಗಸಕ್ಕ ಅದನ್ನು ಕೇಳುತ್ತಲೇ ಬೆಳೆದವಳು. ಹಾಗೆಯೇ ಅಂಗಡಿಯ ಇನ್ನೊಂದು ಕಟ್ಟಳೆಯನ್ನೂ ಕಲಿತಿದ್ದಳು: ಗೆರೆ ಹಾಕುವವರು ಒಬ್ಬರು, ಕೊಯ್ಯುವವರು ಒಬ್ಬರು. ಕೊಯ್ಯುವವರು ಗೆರೆಯ ಜೊತೆ ವಾದಕ್ಕೆ ನಿಲ್ಲಬಾರದು. ಗೆರೆ ಎಲ್ಲಿ ಹೋಗುತ್ತದೋ ಗರಗಸ ಅಲ್ಲಿಗೆ.

ಅಪ್ಪ ತೀರಿಕೊಂಡ ಮೇಲೆ ಅಣ್ಣ ದೊಡ್ಡದೊಂದು ಪೀಠೋಪಕರಣ ಕಂಪನಿಗೆ ಸೇರಿಕೊಂಡ. ಬರಿಗೈಯಲ್ಲಿ ಸೇರಲಿಲ್ಲ. ಅಪ್ಪ ಸ್ಟೂಲಿನ ಅಡಿಗೆ ಹೊಡೆಯುತ್ತಿದ್ದ ಹಿತ್ತಾಳೆ ಪಟ್ಟಿಯ ಹೆಸರನ್ನೂ, 'ಅದಕ್ಕೆ ಸಂಬಂಧಿಸಿದ ಎಲ್ಲವನ್ನೂ' ಕಂಪನಿಗೆ ಬರೆದುಕೊಟ್ಟ. ಗರಗಸಕ್ಕನೂ ಸಹಿ ಹಾಕಿದ್ದಳು. ಹೋಗುವುದು ಹೆಸರು ತಾನೇ, ಪಟ್ಟಿ ಇಲ್ಲದಿದ್ದರೆ ಕೂತವರ ಅಂಡಿಗೇನು ತಿಳಿಯುತ್ತದೆ ಎಂದುಕೊಂಡಿದ್ದಳು. 'ಸಂಬಂಧಿಸಿದ ಎಲ್ಲವೂ' ಎಂದರೆ ಏನೇನು ಎಂದು ಕೇಳಲಿಲ್ಲ. ಕಂಪನಿಯೂ ಸ್ಟೂಲು ಮಾಡಿತು, ಅವಳೂ ಪಟ್ಟಿಯಿಲ್ಲದೆ ಮಾಡಿಕೊಂಡು ಬಂದಳು. ಈಗ ನೋಟಿಸು ಹೇಳುತ್ತಿತ್ತು: ಈ ಸ್ಟೂಲಿನ ಆಕಾರವೇ ಕಂಪನಿಯ ಟ್ರೇಡ್‌ಮಾರ್ಕ್ ಎಂದು ನೋಂದಣಿಯಾಗಿದೆ. ಆಕಾರ ನೋಡಿದೊಡನೆ ಜನ ಕಂಪನಿಯನ್ನು ಗುರುತಿಸುತ್ತಾರೆ. ಆದ್ದರಿಂದ ತಾವು ಇದನ್ನು ಮಾಡುವುದನ್ನೂ ಮಾರುವುದನ್ನೂ ಕೂಡಲೇ ನಿಲ್ಲಿಸತಕ್ಕದ್ದು.

"ನಮ್ಮಪ್ಪನ ಸ್ಟೂಲು ನಾನು ಮಾಡಬಾರದಂತೆ ಮಾಮ" ಎಂದಳು ಗರಗಸಕ್ಕ ಪಾಲಿಶ್ ಮುದುಕನಿಗೆ. ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಅದರಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು.

ಲಾಯರಿನ ಕೋಣೆ ಜೆರಾಕ್ಸ್ ಅಂಗಡಿಯ ಮೇಲಿತ್ತು. ಕೆಳಗಿನ ಯಂತ್ರ ಓಡುವಾಗಲೆಲ್ಲ ಮೇಲಿನ ನೆಲ ಸಣ್ಣಗೆ ನಡುಗುತ್ತಿತ್ತು. ಲಾಯರು ಗರಗಸಕ್ಕನಿಗಿಂತ ಚಿಕ್ಕವಳು, ಮಾತು ಕಡಿಮೆ, ಪೆನ್ನಿನ ತುದಿ ಕಚ್ಚುವ ಅಭ್ಯಾಸ. ಕಪಾಟಿನ ಮೇಲಿನ ಅರೆಯಿಂದ ಫೈಲು ತೆಗೆಯಲು ಅವಳು ಹತ್ತಿ ನಿಂತದ್ದೂ ಹೊಟ್ಟೆಗಾಲಿನ ಸ್ಟೂಲನ್ನೇ. ಗರಗಸಕ್ಕ ಬಗ್ಗಿ ಅದರ ಅಡಿ ನೋಡಿದಳು. ಹಿತ್ತಾಳೆ ಪಟ್ಟಿ ಇರಲಿಲ್ಲ. ತನ್ನ ಕೈಯದೇ. ಅರ್ಧ ಧೈರ್ಯ ಬಂತು.

"ಒಂದು ಹೊಲಕ್ಕೆ ಮೂರು ಬೇಲಿ ಹಾಕಿದಾರೆ ಅಂದ್ಕೊಳ್ಳಿ ಅಕ್ಕ" ಎಂದು ಲಾಯರು ಶುರು ಮಾಡಿದಳು. ಮೊದಲನೆಯದು ಡಿಸೈನಿನ ಬೇಲಿ. ಅಪ್ಪ ಆ ಕಾಲದಲ್ಲೇ ಜಾಣತನ ಮಾಡಿ ಸ್ಟೂಲಿನ ರೂಪವನ್ನು ಡಿಸೈನ್ ಎಂದು ನೋಂದಣಿ ಮಾಡಿಸಿದ್ದ. ಅದಕ್ಕೆ ಇಷ್ಟು ವರ್ಷ ಎಂದು ಆಯುಸ್ಸಿರುತ್ತದೆ. ಅದು ಮುಗಿದು ಬೇಲಿ ಬಿದ್ದುಹೋಗಿದೆ. ಎರಡನೆಯದು ಕಾಪಿರೈಟ್. ಸ್ಟೂಲಿಗೂ ಮೊದಲು ಯಾರೋ ಕಾಗದದ ಮೇಲೆ ಚಿತ್ರ ಬರೆದಿರುತ್ತಾರಲ್ಲ, ಆ ಚಿತ್ರದ ಹಕ್ಕು. ಚಿತ್ರಕ್ಕೆ ದೀರ್ಘಾಯುಸ್ಸು. ಆದರೆ ಅದೇ ಚಿತ್ರ ಹಿಡಿದು ರಾಶಿಗಟ್ಟಲೆ ಸಾಮಾನು ಮಾಡಿ ಮಾರಿದರೆ, ಇನ್ನು ಇದು ಚಿತ್ರವಲ್ಲ, ಸರಕು ಎಂದು ಕಾನೂನು ಕೈ ತೊಳೆದುಕೊಳ್ಳುತ್ತದೆ. "ಆ ಬೇಲೀನ ನಿಮ್ಮ ಮೇಕೆಗಳೇ ಮೇಯ್ದು ಮುಗಿಸಿವೆ" ಎಂದಳು. ಮೂರನೆಯದು ಟ್ರೇಡ್‌ಮಾರ್ಕ್. ಹಿಂದೆಲ್ಲ ಹೆಸರಿಗೆ, ಪಟ್ಟಿಗೆ ಮಾತ್ರ ಸಿಗುತ್ತಿತ್ತು. ಈಗೀಗ ಬಣ್ಣಕ್ಕೆ, ಸದ್ದಿಗೆ, ಆಕಾರಕ್ಕೂ ಸಿಗುತ್ತಿದೆ. "ಈ ಬೇಲಿಗೆ ಗೆದ್ದಲು ಹಿಡಿಯಲ್ಲ. ಆಗಾಗ ಹೊಸದು ಮಾಡಿಸ್ತಾ ಇದ್ರೆ ಮೊಮ್ಮಕ್ಕಳ ಕಾಲಕ್ಕೂ ನಿಂತಿರುತ್ತೆ. ಅದು ಅವರದು."

ಗರಗಸಕ್ಕ ಕಣ್ಣು ಕಿರಿದು ಮಾಡಿ ಯೋಚಿಸಿದಳು. ಯೋಚಿಸುವಾಗ ಅವಳ ಹೆಬ್ಬೆರಳು ಮೇಜಿನ ಅಂಚಿನ ಮೇಲೆ ಓಡಾಡುತ್ತಿತ್ತು, ಎಲ್ಲಿ ಉಜ್ಜಿಲ್ಲ ಎಂದು ಹುಡುಕುವ ಹಾಗೆ.

"ಮೇಡಂ, ಮೊದಲನೇ ಬೇಲಿ ಬಿತ್ತು ಅಂದ್ರೆ ಹೊಲ ಊರಿನವರದಾಯ್ತು ತಾನೇ? ಊರಿಗೆ ಬಿಟ್ಟಿದ್ದನ್ನ ಇನ್ನೊಬ್ಬ ಬಂದು ಹಿಂಬಾಗಿಲಿಂದ ಹೆಂಗೆ ಬೇಲಿ ಹಾಕ್ತಾನೆ?"

ಲಾಯರು ಪೆನ್ನು ಬಾಯಿಂದ ತೆಗೆದಳು. ಈಗ ಕೋರ್ಟುಗಳಲ್ಲಿ ನಡೆಯುತ್ತಿರುವ ಜಗಳವೇ ಅದು ಎಂದಳು. ಒಂದು ವಸ್ತುವಿನ ಮೇಲೆ ಎರಡು ಮೂರು ಹಕ್ಕು ಒಟ್ಟಿಗೆ ಇರಬಹುದು, ಒಂದು ಸತ್ತರೆ ಇನ್ನೊಂದು ಸಾಯಬೇಕಾಗಿಲ್ಲ ಎನ್ನುವ ನ್ಯಾಯಾಧೀಶರಿದ್ದಾರೆ. ಆಯುಸ್ಸು ಮುಗಿದದ್ದಕ್ಕೆ ಬೇರೆ ಹೆಸರಲ್ಲಿ ಜೀವ ತುಂಬುವುದು ಜನರಿಗೆ ಮಾಡುವ ಮೋಸ ಎನ್ನುವವರೂ ಇದ್ದಾರೆ. ಇನ್ನೂ ಇತ್ಯರ್ಥವಾಗಿಲ್ಲ, ನಂಬಿಕೊಂಡು ಕೂರುವ ಹಾಗಿಲ್ಲ. ಆದರೆ ಒಂದು ವಿಷಯ ಮಾತ್ರ ಖಚಿತ. ಯಾವ ಆಕಾರ ಒಂದು ಕೆಲಸಕ್ಕಾಗಿಯೇ ಹಾಗಿದೆಯೋ, ಅದು ಯಾರ ಗುರುತೂ ಆಗಲಾರದು. ಕೊಡೆಯ ಕಡ್ಡಿ ನನ್ನ ಗುರುತು ಎಂದು ಒಬ್ಬ ಬರೆಸಿಕೊಂಡರೆ ಮಿಕ್ಕವರೆಲ್ಲ ಮಳೆಯಲ್ಲಿ ನೆನೆಯಬೇಕಾಗುತ್ತದೆ. ಹಾಗಾಗಿ ಆ ಹೊಟ್ಟೆ ಅಂದಕ್ಕಲ್ಲ, ಗುರುತಿಗಲ್ಲ, ಕೆಲಸಕ್ಕೆ ಎಂದು ತೋರಿಸಿದರೆ ಕಂಪನಿಯ ನೋಂದಣಿಯೇ ಉದುರುತ್ತದೆ.

"ಕೆಲಸಕ್ಕೇ ಇರೋದು" ಎಂದಳು ಗರಗಸಕ್ಕ ತಟ್ಟನೆ. "ನಮ್ಮಪ್ಪ ಅಂದಕ್ಕೆ ಅಂತ ಒಂದು ಮೊಳೇನೂ ಹೊಡೆದೋನಲ್ಲ. ಬ್ಯಾಲೆನ್ಸ್‌ಗೆ ಅದು."

ಹಾಗಾದರೆ ಅದನ್ನು ಪ್ರಮಾಣ ಮಾಡಿ ಹೇಳಬೇಕು ಎಂದಳು ಲಾಯರು. ಮೊದಲ ಸ್ಟೂಲು ಮಾಡಿದಾಗ ಕಣ್ಣಾರೆ ಕಂಡವರು ಹೇಳಿದರೆ ಇನ್ನೂ ಗಟ್ಟಿ. ಅಂಥವರು ಇದ್ದಾರಾ?

ಇದ್ದಳು. ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದಳು.

ಅಮ್ಮ ದರ್ಜಿ. ಮದುವೆಗೆ ಮೊದಲೂ ದರ್ಜಿ, ಈಗಲೂ ದರ್ಜಿ. ಕೆಳಗೆ ಗರಗಸದ ಸದ್ದು, ಮೇಲೆ ಹೊಲಿಗೆ ಮೆಷಿನ್ನಿನ ಸದ್ದು, ಇವೆರಡರ ನಡುವೆ ಆ ಮನೆಯ ಮಕ್ಕಳು ಬೆಳೆದದ್ದು. ಕಣ್ಣು ಸ್ವಲ್ಪ ಮಂಜಾದರೂ ದಾರ ಪೋಣಿಸಲು ಯಾರನ್ನೂ ಕರೆಯುತ್ತಿರಲಿಲ್ಲ. ಲಾಯರು ಬರೆದುಕೊಟ್ಟ ಹೇಳಿಕೆಯನ್ನು ಗರಗಸಕ್ಕ ಮೆಟ್ಟಿಲ ಮೇಲೆಯೇ ಮತ್ತೊಮ್ಮೆ ಓದಿಕೊಂಡು, ಪೆನ್ನಿನ ಸಮೇತ ಅಮ್ಮನ ಮುಂದಿಟ್ಟಳು. ಅಮ್ಮ ಕನ್ನಡಕ ಏರಿಸಿ ನಿಧಾನಕ್ಕೆ ಓದಿದಳು. ಒಂದು ಕಡೆ ಬೆರಳು ನಿಂತಿತು.

"ಇದು ಸುಳ್ಳು" ಎಂದಳು.

"ಯಾವುದು?"

"ಬ್ಯಾಲೆನ್ಸು."

ಗರಗಸಕ್ಕನಿಗೆ ಅರ್ಥವಾಗಲಿಲ್ಲ. ಅಮ್ಮ ಕೈಗೆಟುಕುವಲ್ಲಿದ್ದ ಹಳೆಯ ದಿನಪತ್ರಿಕೆಯ ಹಾಳೆಯೊಂದನ್ನು ಎಳೆದುಕೊಂಡು, ನಡುವಿಗೆ ಮಡಚಿ, ಮಡಿಕೆಯನ್ನು ಉಗುರಿನಿಂದ ಗೀರಿದಳು. ಚಾಕ್ ತೆಗೆದುಕೊಂಡು, ಮಡಿಕೆಯಿಂದ ಶುರುವಾಗಿ ಹೊರಕ್ಕೆ ಉಬ್ಬಿ ಮತ್ತೆ ಒಳಕ್ಕೆ ಬರುವ ಒಂದು ಗೆರೆ ಎಳೆದಳು. ಒಂದೇ ಎಳೆತ, ಕೈ ನಡುಗಲಿಲ್ಲ. ಮಡಿಕೆಯ ಪಕ್ಕ ತುಂಡು ತುಂಡು ಗೆರೆಯೊಂದನ್ನು ಹಾಕಿದಳು.

"ಇದೇನು ಹೇಳು."

ಏನೆಂದು ಕೇಳಬೇಕೇ? ಕೆಳಗೆ ಗೋಡೆಗೆ ನೇತುಹಾಕಿದ್ದ ಪ್ಲೈವುಡ್ ಅಚ್ಚು ಅದೇ. ಒಂದು ಕಡೆ ನೇರ, ಒಂದು ಕಡೆ ಹೊಟ್ಟೆ. ಇದು ನಮ್ಮ ಕಾಲು ಎಂದಳು ಗರಗಸಕ್ಕ.

"ಇದು ಅರ್ಧ ಕಾಲು" ಎಂದು ಅಮ್ಮ ಕತ್ತರಿ ಹಿಡಿದು ಗೆರೆಯ ಗುಂಟ ಕತ್ತರಿಸಿ, ಹಾಳೆ ಬಿಚ್ಚಿದಳು. ಎರಡೂ ಕಡೆ ಸಮನಾಗಿ ಹೊಟ್ಟೆಯಿದ್ದ, ಹೂಜಿಯಂಥ ದುಂಡನೆಯ ಒಂದು ಕಾಲು ಮೇಜಿನ ಮೇಲೆ ತೆರೆದುಕೊಂಡಿತು. "ನಾನು ಬರೆದಿದ್ದು ಇದು."

ಮದುವೆಯಾದ ಹೊಸತು. ಸ್ಟೂಲಿಗೆ ಒಂದು ಚೆಂದದ ಕಾಲು ಬೇಕು, ನಿನ್ನ ಕೈಯಲ್ಲಿ ಬಳುಕು ಚೆನ್ನಾಗಿ ಬರುತ್ತದೆ, ಬರೆದುಕೊಡು ಎಂದು ಗಂಡ ಕೇಳಿದ. ಅವಳು ಬರೆದಳು, ತಾನು ಅಂಗಿ ಬರೆಯುವ ಹಾಗೆಯೇ. ದರ್ಜಿಗಳು ಪೂರ್ತಿ ಅಂಗಿ ಬರೆಯುವುದಿಲ್ಲ. ಬಟ್ಟೆ ಮಡಚಿರುತ್ತದೆ, ಅರ್ಧ ಬರೆದು ಮಡಿಕೆಯ ಕಡೆ ತುಂಡು ಗೆರೆ ಹಾಕಿದರೆ ಸಾಕು, ಬಿಚ್ಚಿದಾಗ ಪೂರ್ತಿಯಾಗುತ್ತದೆ. ಅವಳಿಗೆ ಇದು ಉಸಿರಾಟದಷ್ಟು ಸಹಜ, ಹೇಳಬೇಕೆಂದೂ ಹೊಳೆಯಲಿಲ್ಲ. ಅವನೋ ಬಡಗಿ. ಮರವನ್ನು ಯಾರು ಮಡಚುತ್ತಾರೆ? ಗೆರೆಯ ಜೊತೆ ವಾದ ಮಾಡಬಾರದೆಂದು ಕಲಿತವನು ಕಂಡಷ್ಟನ್ನೇ ಕೊಯ್ದ. ಕಾಲು ಬಹಳ ತೆಳ್ಳಗಾಯಿತಲ್ಲ ಎಂದು ಅಳುಕಿ, ಗಟ್ಟಿ ಜಾತಿಯ ದಪ್ಪ ಹಲಗೆ ಆರಿಸಿಕೊಂಡನಂತೆ.

"ಹೊತ್ಕೊಂಡು ಮೇಲೆ ಬಂದ್ರು. ಮುಖ ನೋಡಬೇಕಿತ್ತು, ಆಕಾಶ ಮೂರೇ ಗೇಣು. ನನಗೆ ನಗು ಕಿತ್ಕೊಂಡು ಬಂತು. ಬಾಯಿ ತೆರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ಕೂತೇಬಿಟ್ರು, ಕೂತು, ಎಷ್ಟು ಧೈರ್ಯ ನಿಂದು, ಯಾವ ಬಡಗಿಗೂ ಇಂಥ ಕಾಲು ಹೊಳೀತಿರ್ಲಿಲ್ಲ ಅಂದ್ರು. ಇನ್ನೆಲ್ಲಿ ನಗೋದು."

"ಆಮೇಲಾದ್ರೂ ಹೇಳಬಾರದಿತ್ತಾ?"

"ಆಮೇಲೆ ಜನ ಸಾಲುಗಟ್ಟಿ ಕೇಳೋಕೆ ಶುರು ಮಾಡಿದ್ರು. ಏನಂತ ಹೇಳ್ಲಿ?" ಅಮ್ಮ ಚಾಕಿನ ಪುಡಿ ಒರೆಸಿಕೊಂಡಳು. "ಒಂದಿನ ಅವರೇ ಕೇಳಿದ್ರು, ನೀನು ಅಂಚಿನಲ್ಲಿ ತುಂಡು ಗೆರೆ ಹಾಕ್ತೀಯಲ್ಲ, ಏನದು ಅಂತ. ಬಟ್ಟೆ ವಿಷಯ ಬಿಡಿ ಅಂದೆ. ಹೂಂ ಅಂದ್ರು. ಬ್ಯಾಲೆನ್ಸು ಅನ್ನೋದು ಶುರುವಾಗಿದ್ದು ಆವತ್ತಿನ ನಂತರವೇ."

ಗರಗಸಕ್ಕ ಕಾಗದದ ಕಾಲನ್ನು ಮತ್ತೆ ಮಡಚಿ, ಮತ್ತೆ ಬಿಚ್ಚಿದಳು. ಹಾಗಾದರೆ ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ಹೆಂಡತಿಯ ಗೆರೆಗೆ ಒಂದು ಕಾರಣ ಹೊಂದಿಸಿ ಕೊಟ್ಟಿದ್ದ. ಅಥವಾ ತನ್ನ ಗರಗಸಕ್ಕೆ. ಯಾರ ಮಾನ ಯಾರು ಕಾಪಾಡಿದರು ಎಂದು ಈಗ ಬಿಡಿಸಿ ಹೇಳುವವರಾರು? ಅವಳಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಯಾರೂ ಸಿಗದೆ ಮೆಟ್ಟಿಲುಗಳ ಮೇಲೆ ತೀರಿಸಿಕೊಂಡು ಧಡಧಡ ಇಳಿದಳು.

ತಪ್ಪಾಗಿ ಹುಟ್ಟಿದ್ದು ಕೆಲಸಕ್ಕೆ ಬರಬಾರದೆಂದು ಎಲ್ಲಿ ಬರೆದಿದೆ? ಹೇಗಾದರೂ ಹುಟ್ಟಿರಲಿ, ವಾಲಿದ ಭಾರ ಹೊರುತ್ತದೆಯೋ ಇಲ್ಲವೋ ಅಷ್ಟು ಮುಖ್ಯ. ಅವಳು ಅಂದೇ ಒಂದು ಸ್ಟೂಲಿನ ಹಿಂಗಾಲು ಬಿಚ್ಚಿ, ಹೊಟ್ಟೆಯಿಲ್ಲದ ನೇರ ಕಾಲೊಂದನ್ನು ಕೂಡಿಸಿದಳು. ಅದರ ಮೇಲೆ ಕೂತು ಬಲಕ್ಕೆ ವಾಲಿದಳು. ಸ್ಟೂಲು ಅಲುಗಲಿಲ್ಲ. ಇನ್ನಷ್ಟು ವಾಲಿದಳು. ಕೈ ಚಾಚಿ ದೂರದ ಕೊಡತಿಯನ್ನು ಎತ್ತಿಕೊಂಡಳು. ಬೀಳು ಮಾರಾಯ, ಒಂದು ಸಲ ಬಿದ್ದು ನನ್ನನ್ನು ಉಳಿಸು ಎಂದು ಮನಸ್ಸಿನಲ್ಲೇ ಅಂಗಲಾಚಿದಳು. ಸ್ಟೂಲು ಬಂಡೆಯ ಹಾಗೆ ನಿಂತಿತ್ತು. ಪಾಲಿಶ್ ಮುದುಕನನ್ನು ಕರೆದು ಕೂರಿಸಿದಳು. ಅವನು ಕಾರಣ ಕೇಳದೆ ಕೂತು, ಎಡಕ್ಕೂ ಬಲಕ್ಕೂ ತೂಗಾಡಿ, "ಚೆನ್ನಾಗಿದೆ. ಮರಾನೂ ಉಳಿಯುತ್ತೆ" ಎಂದ.

ಆ ಮಾತಿಗೆ ಗರಗಸಕ್ಕ ಕೊಡತಿಯನ್ನು ಮರದ ಹೊಟ್ಟಿನ ರಾಶಿಗೆ ಬೀಸಿ ಒಗೆದಳು. ಇಷ್ಟು ವರ್ಷ ಯಾರೂ ಮಾಡದ ಪರೀಕ್ಷೆ. ಅಪ್ಪ ಹೇಳಿದ್ದಾನೆ ಎಂದ ಮೇಲೆ ಪರೀಕ್ಷೆ ಮಾಡುವುದು ಯಾರಿಗೂ ಬೇಕಾಗಿರಲಿಲ್ಲ.

ಅದೇ ವಾರ ಅಣ್ಣ ಬಂದ. ಕಂಪನಿಯವರು ಕಳಿಸಿದ್ದೋ, ಕರುಳು ಕರೆದದ್ದೋ, ಎರಡೂ ಇರಬಹುದು. ಬಾಗಿಲಲ್ಲೇ ನಿಂತು ಮೂಗಿನ ತುಂಬ ಪಾಲಿಶ್ ವಾಸನೆ ಎಳೆದುಕೊಂಡ. ತಂಗಿ ತಲೆ ಎತ್ತದೆ, "ಏನಣ್ಣ, ಮೂಗಿಗೂ ನೋಂದಣಿ ಆಗಿದೆಯಾ? ಈ ವಾಸನೇನೂ ನಿಮ್ಮ ಕಂಪನೀದೇ ಇರಬೇಕು, ನೋಡ್ಕೋ" ಎಂದಳು. ಅಣ್ಣ ನಕ್ಕ. ಅವನು ಚಿಕ್ಕವನಿದ್ದಾಗಿನಿಂದಲೂ ಹಾಗೆ, ಬೈದರೆ ನಗುತ್ತಾನೆ, ಅದರಿಂದ ಬೈದವರಿಗೆ ಇನ್ನಷ್ಟು ಉರಿಯುತ್ತದೆ.

ಮೂವರೂ ಮೇಲಿನ ಕೋಣೆಯಲ್ಲಿ ಕೂತರು. ಅಣ್ಣ ತನ್ನ ಮಾತನ್ನು ಹೇಳಿದ. ನಾನು ಮಾರಿದ್ದು ಹೆಸರನ್ನು ಮಾತ್ರ ಎಂದೇ ನಾನೂ ತಿಳಿದಿದ್ದೆ, ಆಕಾರದ ನೋಂದಣಿ ಕಂಪನಿಯ ವಕೀಲರ ತಲೆಯಿಂದ ಬಂದದ್ದು. ಆದರೆ ಕಂಪನಿ ಮಾಡದಿದ್ದರೆ ಈ ಸ್ಟೂಲು ಪ್ಲಾಸ್ಟಿಕ್ಕಿನ ಹೊಳೆಯಲ್ಲಿ ಎಂದೋ ಕೊಚ್ಚಿಹೋಗಿರುತ್ತಿತ್ತು, ಇವತ್ತು ದೂರದೂರದವರಿಗೂ ಅಪ್ಪನ ಕಾಲು ಗೊತ್ತು. ಮಾತು ಸುಳ್ಳಲ್ಲ. ಗರಗಸಕ್ಕನಿಗೂ ಅದು ಗೊತ್ತಿತ್ತು, ಅದಕ್ಕೇ ಇನ್ನೂ ಸಿಟ್ಟು.

"ಜಗಳ ಬೇಡ. ಅದು ಅಂದಕ್ಕೆ ಮಾಡಿದ್ದು, ಕಂಪನಿಯ ಗುರುತು, ಅಂತ ಒಪ್ಪಿ ಬರೆದುಕೊಡು. ಅನುಮತಿ ಕೊಡ್ತಾರೆ. ಅವರ ಪಟ್ಟಿ ಹೊಡೆದು ನೀನು ಇಲ್ಲೇ ಮಾಡ್ತಾ ಇರಬಹುದು."

"ನಮ್ಮಪ್ಪನ ಕಾಲನ್ನ ನನಗೇ ಬಾಡಿಗೆಗೆ ಕೊಡ್ತೀಯಾ?"

"ಕಾಲು ಹಿಡೀತೀನಿ ಅಂದ್ಕೋ. ಎಷ್ಟು ಚೆಂದದ ಗೆರೆ ಅದು, ಒಬ್ಬ ಕಲಾವಿದನ ಕೈ ಅಂತಾರೆ ಅಲ್ಲಿ ಎಲ್ಲರೂ. ನೀನೊಬ್ಬಳು ಅದನ್ನ ಅಲುಗಾಡೋ ಮೇಜಿನ ಕೆಳಗೆ ಇಡೋ ಮರದ ತುಂಡಿನ ಥರ, ಬರೀ ಕೆಲಸಕ್ಕೆ ಅಂತೀಯ."

ಅಮ್ಮ ಗುಂಡಿ ಹೊಲಿಯುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿದು, ಇಬ್ಬರನ್ನೂ ನೋಡಿದಳು.

"ನೀನು ಅಂದ ಅಂತೀಯ, ಅವಳು ಕೆಲಸ ಅಂತಾಳೆ. ಅದು ಎರಡೂ ಅಲ್ಲ. ನಾನು ಅರ್ಧ ಬರೆದೆ, ನಿಮ್ಮಪ್ಪ ಅರ್ಧಾನೇ ಪೂರ್ತಿ ಅಂತ ನಂಬಿದ್ರು. ನೀವಿಬ್ಬರೂ ಕಿತ್ತಾಡ್ತಿರೋದು ನಮ್ಮಿಬ್ಬರ ತಪ್ಪಿಗೆ."

ಅಣ್ಣನಿಗೂ ಅವಳು ಕಾಗದ ಮಡಚಿ ತೋರಿಸಬೇಕಾಯಿತು. ಹಾಳೆ ಬಿಚ್ಚಿಕೊಂಡಾಗ ಅವನ ನಗು ತಾನಾಗಿ ನಿಂತಿತು. ಬಹಳ ಹೊತ್ತು ಕಾಗದದ ಕಾಲನ್ನು ನೋಡಿ, "ಇದನ್ನ ಆಫೀಸಿನಲ್ಲಿ ಹೇಳೋಕಾಗಲ್ಲಮ್ಮ" ಎಂದು ಮಾತ್ರ ಹೇಳಿದ. ಹೋಗುವಾಗ ತಂಗಿಯ ಭುಜದ ಮೇಲೆ ಒಂದು ಕ್ಷಣ ಕೈ ಇಟ್ಟ. ಅವಳು ಕೊಸರಿಕೊಳ್ಳಲಿಲ್ಲ.

ಲಾಯರಿನ ಹತ್ತಿರ ಗರಗಸಕ್ಕ ಏನನ್ನೂ ಮುಚ್ಚಿಡಲಿಲ್ಲ. ದಾರಿಯುದ್ದಕ್ಕೂ ಬೇರೆ ಯೋಚನೆ ಬಂದಿತ್ತು. ಅಪ್ಪ ಬ್ಯಾಲೆನ್ಸ್ ಎಂದಿದ್ದು ನಿಜ ತಾನೇ, ಅವನ ಮಾತನ್ನೇ ನಾನು ಹೇಳಿದರೆ ಯಾರಿಗೇನು ನಷ್ಟ? ಆದರೆ ಅಪ್ಪ ಅದನ್ನು ಹೇಳಿದ್ದು ಹೆಂಡತಿಗಾಗಿ, ಗಿರಾಕಿಯ ಮುಂದೆ. ಅದನ್ನೇ ಪ್ರಮಾಣ ಮಾಡಿ ಹೇಳಿದರೆ ಅದು ಅವನ ಮಾತಾಗಿ ಉಳಿಯುವುದಿಲ್ಲ, ಶುದ್ಧ ಸುಳ್ಳಾಗುತ್ತದೆ. ಸೊಟ್ಟ ಗೆರೆಯನ್ನು ಬೇಕಾದರೆ ಕೊಯ್ದೇನು, ಗೆರೆಯೇ ಇಲ್ಲದ ಕಡೆ ಹೇಗೆ ಕೊಯ್ಯಲಿ ಎನ್ನಿಸಿತು ಅವಳಿಗೆ.

ಲಾಯರು ಕೇಳಿ ಮುಗಿಸಿ, ಬರೆದಿದ್ದ ಹೇಳಿಕೆಯನ್ನು ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದಳು. ನೀವು ಹೇಳದೇ ಇದ್ದಿದ್ದರೆ ನಾನು ಬರೆಯುತ್ತಿದ್ದೆ, ಈಗ ಬರೆಯುವುದಿಲ್ಲ ಎಂದಳು. ಕೆಲಸದ ವಾದ ಹೋಯಿತು. ಉಳಿದದ್ದು ಅಂದು ಗರಗಸಕ್ಕ ತಾನಾಗಿ ಕೇಳಿದ ಪ್ರಶ್ನೆ: ಬಿದ್ದ ಬೇಲಿಯ ಜಾಗದಲ್ಲಿ ಇನ್ನೊಬ್ಬ ಬೇಲಿ ಹಾಕಬಹುದೇ? ಅದಕ್ಕೆ ಸುಳ್ಳು ಬೇಕಿಲ್ಲ. "ಅದನ್ನೇ ಹಿಡಿದು ಹೋರಾಡೋಣ. ಗೆಲ್ತೀವಿ ಅಂತ ಮಾತು ಕೊಡಲ್ಲ. ತೀರ್ಪು ಬರೋವರೆಗೆ ನೀವು ಆ ಕಾಲು ಕೊಯ್ಯದೇ ಇರೋದು ಒಳ್ಳೇದು."

ಕೊಯ್ಯಬಾರದು. ಗರಗಸಕ್ಕ ಅಂಗಡಿಗೆ ಮರಳಿ, ಗೋಡೆಯ ಮೇಲಿನ ಪ್ಲೈವುಡ್ ಅಚ್ಚನ್ನು ಇಳಿಸಿದಳು. ಕಪಾಟಿನಲ್ಲಿ ಇಟ್ಟುಬಿಡೋಣ, ಕಣ್ಣಿಗೆ ಬೀಳುವುದೇ ಬೇಡ ಎಂದು ಇಳಿಸಿದ್ದು. ಆದರೆ ಕೈ ಎಷ್ಟೋ ವರ್ಷದ ಅಭ್ಯಾಸದಂತೆ ಅದನ್ನು ಹಲಗೆಯ ಮೇಲಿಟ್ಟಿತು, ಪೆನ್ಸಿಲು ಹೊಟ್ಟೆಯ ಸುತ್ತ ಓಡಿತು. ನೇರ ಅಂಚಿಗೆ ಬಂದಾಗ ನಿಂತಳು.

ನೇರ ಅಂಚು. ಅಮ್ಮ ಉಗುರಿನಿಂದ ಗೀರಿದ ಮಡಿಕೆ.

ಅವಳು ಆ ಅಂಚಿನ ಮೇಲೆ ಅಚ್ಚನ್ನು ಪುಸ್ತಕದ ಪುಟ ತಿರುವಿದ ಹಾಗೆ ಆಚೆ ಮಗ್ಗುಲಿಗೆ ಹೊರಳಿಸಿದಳು. ಹಲಗೆ ಸಾಲಲಿಲ್ಲ. ಗೊಣಗಿಕೊಂಡು ಎದ್ದು, ದಾಸ್ತಾನಿನಲ್ಲಿ ಅಗಲವಾದ ಇನ್ನೊಂದನ್ನು ಹುಡುಕಿ ತಂದಳು. ಮತ್ತೆ ಮೊದಲಿನಿಂದ ಒಂದು ಕಡೆ ಗೆರೆ ಹಾಕಿ, ಹೊರಳಿಸಿ, ಇನ್ನೊಂದು ಕಡೆಗೂ ಹಾಕಿದಳು. ಗೆರೆ ಹಾಕುವವರು ಒಬ್ಬರು, ಕೊಯ್ಯುವವರು ಒಬ್ಬರು ಎಂಬ ಅಪ್ಪನ ಕಟ್ಟಳೆಯನ್ನು ತಾನು ಮುರಿಯುತ್ತಿಲ್ಲ ಎಂದುಕೊಂಡಳು. ಗೆರೆ ಅಮ್ಮನದೇ. ಅಪ್ಪ ಅರ್ಧ ಕೊಯ್ದ, ಮಿಕ್ಕರ್ಧ ತನ್ನ ಪಾಲಿನದು. ಗರಗಸ ಗೆರೆಯ ಮೇಲೆ ಕೂತಿತು.

ಹೊಸ ಕಾಲಿನ ಸ್ಟೂಲು ಹಳೆಯದರ ಹಾಗೆ ಕಾಣಲೇ ಇಲ್ಲ. ಹಳೆಯದರಲ್ಲಿ ಒಂದು ತುಂಟತನವಿತ್ತು, ಒಂಟಿ ಕೈ ಸೊಂಟದ ಮೇಲಿಟ್ಟು ನಿಂತವರ ಹಾಗೆ. ಇದು ಎರಡೂ ಕೈ ಇಟ್ಟು ನಿಂತ ಯಜಮಾನಿ. ಭಾರ ಹೆಚ್ಚು, ಮರ ಹೆಚ್ಚು ನುಂಗುತ್ತದೆ, ಹಿಂದಿನ ಗಿರಾಕಿಗಳು ಮೆಚ್ಚುತ್ತಾರೋ ಇಲ್ಲವೋ. ಗರಗಸಕ್ಕನಿಗೆ ಅದು ಅಷ್ಟಾಗಿ ಹಿಡಿಸಲೂ ಇಲ್ಲ, ನಿಜ ಹೇಳಬೇಕೆಂದರೆ. ಹಳೆಯದರ 'ಯಾಕೆ ಹೀಗೆ' ಎನ್ನುವ ಪ್ರಶ್ನೆಯೇ ಇದರಲ್ಲಿ ಇರಲಿಲ್ಲ. ಆದರೂ ಕೈಯಾಡಿಸಿದಾಗ ಎಲ್ಲೂ ಹುಳುಕು ಸಿಗಲಿಲ್ಲ.

ಲಾಯರು ನೋಡಲು ತಾನೇ ಬಂದಳು. ಸುತ್ತು ಹಾಕಿ ನೋಡಿ, ಇದು ಬೇರೆಯೇ ಸ್ಟೂಲು ಎಂದು ಯಾರ ಕಣ್ಣಿಗೂ ಕಾಣುತ್ತದೆ, ಒಪ್ಪುವುದು ಬಿಡುವುದು ನೋಂದಣಿಯವರ ಕೈಯಲ್ಲಿದೆ, ಆದರೂ ಡಿಸೈನಿಗೆ ಅರ್ಜಿ ಹಾಕೋಣ ಎಂದಳು. ಯಾರ ಹೆಸರಿನಲ್ಲಿ ಎಂದು ಕೇಳಿದಾಗ ಗರಗಸಕ್ಕ ಮೇಲಿನ ಕೋಣೆಯ ಕಡೆ ಬೆರಳು ತೋರಿಸಿದಳು. ಒಂದೇ ಷರತ್ತು ಎಂದಳು ಲಾಯರು: ಅರ್ಜಿ ಹೋಗುವ ತನಕ ಇದನ್ನು ಹೊರಗಿನ ಯಾರಿಗೂ ತೋರಿಸಬಾರದು. ಬೀದಿಗೆ ಇಟ್ಟರೆ ಹೊಸತನ ಹೋಯಿತು, ಹಕ್ಕೂ ಹೋಯಿತು.

ಸ್ಟೂಲನ್ನು ಅಮ್ಮನ ಕೋಣೆಗೆ ಸಾಗಿಸಿದರು. ಅಮ್ಮ ಮೊದಲು ಅದರ ಹಿಂಗಾಲನ್ನು ಮುಟ್ಟಿದಳು, ಒಂದು ಮಗ್ಗುಲು, ಆಮೇಲೆ ಇನ್ನೊಂದು ಮಗ್ಗುಲು. ಸೊಂಟದ ಹತ್ತಿರ ಇನ್ನೂ ಒಂದು ನೂಲಿನಷ್ಟು ಒಳಗೆ ಹೋಗಬೇಕಿತ್ತು, ಆ ವಯಸ್ಸಿನಲ್ಲಿ ನನಗೆ ಅಳತೆ ಸರಿಯಾಗಿ ತಿಳಿಯುತ್ತಿರಲಿಲ್ಲ ಎಂದು ತಾನೇ ಒಂದು ಕುಂದು ಹುಡುಕಿದಳು. ಆಮೇಲೆ ಲಾಯರನ್ನು ಕೇಳಿದಳು:

"ಈ ಹಕ್ಕು ಎಷ್ಟು ದಿನ ಇರುತ್ತಮ್ಮ?"

"ಕೆಲವು ವರ್ಷ. ಆಮೇಲೆ ಯಾರು ಬೇಕಾದ್ರೂ ಮಾಡಬಹುದು."

"ನೀನು ಮೂರು ಬೇಲಿ ಅಂದಿದ್ದೆ ಅಂತ ಇವಳು ಹೇಳಿದ್ಲು. ಆ ಗೆದ್ದಲು ಹಿಡಿಯದ ಮೂರನೇ ಬೇಲಿ ಹಾಕಿಸು ಅಂತ ಕೇಳ್ತಾಳೇನೋ. ಹಾಕಬೇಡ" ಎಂದಳು ಅಮ್ಮ. "ಆಮೇಲೆ ಮಾಡೋರು ಮಾಡಲಿ. ಪೂರ್ತಿ ಮಾಡಿದ್ರೆ ಸಾಕು."

ಅಮ್ಮ ಮೆಷಿನ್ನಿನ ಹಳೆಯ ಸ್ಟೂಲನ್ನು, ಅಪ್ಪ ಅಂದು ಹೊತ್ತು ತಂದಿದ್ದ ಆ ಮೊಟ್ಟಮೊದಲಿನದನ್ನು, ಕಾಲಿನಿಂದ ಮೆಲ್ಲಗೆ ಗೋಡೆಯ ಕಡೆ ಸರಿಸಿ, ಹೊಸದನ್ನು ಅಲ್ಲಿಗೆ ಎಳೆದುಕೊಂಡಳು.

"ನಿಮ್ಮಪ್ಪ ನೋಡಿದ್ರೆ ಏನಂತಿದ್ರೋ."

ಬಾಗಿಲಲ್ಲಿ ನಿಂತಿದ್ದ ಪಾಲಿಶ್ ಮುದುಕ ಕೈ ಒರೆಸಿಕೊಳ್ಳುತ್ತ, "ಏನಂತಾರೆ? ಬ್ಯಾಲೆನ್ಸ್‌ಗೆ ಅಂತಿದ್ರು" ಎಂದ.

ಅಮ್ಮನಿಗೆ ನಗು ಕಿತ್ತುಕೊಂಡು ಬಂತು. ಕನ್ನಡಕ ತೆಗೆದಿಟ್ಟು, ಮೆಷಿನ್ನಿಗೆ ಹಣೆ ಕೊಟ್ಟು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಲಾಯರು ಇದರಲ್ಲಿ ಇಷ್ಟೊಂದು ನಗುವಂಥದ್ದೇನೆಂದು ತಿಳಿಯದೆ ಗರಗಸಕ್ಕನ ಮುಖ ನೋಡಿದಳು. ಗರಗಸಕ್ಕ ಕಿಟಕಿಯ ಕಡೆ ತಿರುಗಿಕೊಂಡಿದ್ದಳು.

ಆ ಹೊತ್ತಿಗೆ ಕೆಳಗಿನಿಂದ ಗಿರಾಕಿಯೊಬ್ಬಳು ಅಂಗಿ ಆಯಿತೇ ಎಂದು ಕೂಗುತ್ತ ಮೆಟ್ಟಿಲು ಹತ್ತಿದ ಸದ್ದಾಯಿತು. ಯಾರಿಗೂ ತೋರಿಸಬಾರದು ಎಂದು ಲಾಯರು ಗಾಬರಿಯಿಂದ ಕೈಸನ್ನೆ ಮಾಡಿದಳು. ಅಮ್ಮ ಅವಸರ ಮಾಡಲಿಲ್ಲ. ಹೊಲಿಯುತ್ತಿದ್ದ ಅಗಲವಾದ ಬಟ್ಟೆಯನ್ನು ಮಡಿಲಿಂದ ನೆಲದವರೆಗೆ ಸುತ್ತಲೂ ಇಳಿಬಿಟ್ಟು, ಸ್ಟೂಲಿನ ಮೇಲೆ ಗಟ್ಟಿಯಾಗಿ ಕೂತು, ಮೆಷಿನ್ ತುಳಿಯತೊಡಗಿದಳು.